ಬೆಲ್ಲ ಬಂದ ದಾರಿ

ತೊಗರಿಬೇಳೆ ಆಫ್ರಿಕಾದಿಂದ ಬಂದದ್ದು ಎಂದರೆ ಮಂಚಮ್ಮ ಒಪ್ಪಲೇ ಇಲ್ಲ.

"ಸುಮ್ಕಿರಿ ಮಿಸ್ಸು, ತಮಾಸೆ ಮಾಡ್ಬೇಡಿ," ಎಂದು ಸಾರಿನ ಪಾತ್ರೆಯ ಮುಚ್ಚಳ ಸರಿಸಿ ಸೌಟು ಆಡಿಸಿದಳು. "ನಮ್ ಒಲದ್ ಬದಿನ ಮೇಲೆ ಬೆಳ್ಯೋ ತೊಗ್ರೀನ ಯಾರಾದ್ರೂ ಸಮುದ್ರ ದಾಟ್ಸಿ ತತ್ತಾರಾ?"

ಶಾಲೆಯ ಅಡುಗೆ ಕೋಣೆಯ ಬಾಗಿಲಲ್ಲಿ ಆರನೆಯ, ಏಳನೆಯ ತರಗತಿಯ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಇಣುಕುತ್ತಿದ್ದರು. ಆತಿಯಾ ಮಿಸ್ ಖಾಲಿಯಾದ ಬೇಳೆ ಚೀಲವನ್ನು ತಿರುವಿ, ಅದರ ಹೊಲಿಗೆಗೆ ಸಿಕ್ಕಿಸಿದ್ದ ಚೀಟಿಯನ್ನು ಬೆಳಕಿಗೆ ಹಿಡಿದಳು. ಏಳನೆಯ ತರಗತಿಯ ಅರ್ಪಿತ ಇಂಗ್ಲಿಷಿನಲ್ಲಿದ್ದ ಆ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ಮೊ... ಜಾಂ... ಬಿಕ್."

"ಅದ್ಯಾವೂರವ್ವ? ಮದ್ದೂರ್ ತಾವ್ಲಾ?" ಎಂದಳು ಮಂಚಮ್ಮ. ಮಕ್ಕಳೆಲ್ಲ ನಕ್ಕರು. ಅವಳೂ ನಕ್ಕಳು. ಆಮೇಲೆ ಸೌಟನ್ನು ಪಾತ್ರೆಯ ಕಂಠಕ್ಕೆ ಒರಗಿಸಿ, ಚೀಲವನ್ನು ತಾನೇ ಕೈಗೆ ತೆಗೆದುಕೊಂಡು ನೋಡಿದಳು. "ಅಂಗಾದ್ರೆ ಅಲ್ಲೂ ಯಾವಳೋ ಒಬ್ಳು ಈ ತೊಗ್ರಿ ಬಿಡ್ಸಿ ಕೇರಿರ್ತಾಳೆ, ಅಲ್ವಾ ಮಿಸ್ಸು? ಅವಳ್ ಎಸ್ರೇನೋ, ಪಾಡೇನೋ."

ಇದೆಲ್ಲ ಶುರುವಾದದ್ದು ಮಂಡ್ಯದಲ್ಲಿ ನಡೆದ ಒಂದು ತರಬೇತಿಯಿಂದ. ಜಾಗತಿಕ ಪೌರತ್ವದ ಬಗ್ಗೆ ಮಕ್ಕಳಿಗೆ ಪಾಠ ಮಾಡಬೇಕು, ಶಾಲೆಗೊಬ್ಬರಂತೆ ಬಂದು ಕಲಿತುಹೋಗಿ ಎಂದು ಶಿಕ್ಷಣ ಇಲಾಖೆಯವರು ಹೇಳಿಕಳಿಸಿದಾಗ ಮಾವಿನಕೊಪ್ಪಲು ಶಾಲೆಯ ಹೆಡ್‌ಮಾಸ್ಟರ್ ಚಲುವರಾಜು ತಮ್ಮ ಕಾಯಂ ಶಿಕ್ಷಕರ ಮುಖ ನೋಡಿದರು. ಅವರು ಆತಿಯಾಳ ಮುಖ ನೋಡಿದರು. ಆತಿಯಾ ಅತಿಥಿ ಶಿಕ್ಷಕಿ. ಮನೆ ಪಾಂಡವಪುರದಲ್ಲಿ, ಅಪ್ಪ ಇಮಾಮ್ ಸಾಬರು ಗೂಡ್ಸ್ ಆಟೊ ಓಡಿಸುತ್ತಿದ್ದರು. ಜೂನ್ ತಿಂಗಳಲ್ಲಿ ಶಾಲೆಯವರು ಮತ್ತೆ ಕರೆದರೆ ಕೆಲಸ ಉಂಟು, ಕರೆಯದಿದ್ದರೆ ಇಲ್ಲ. ಹಾಗಾಗಿ ಬೇರೆಯವರಿಗೆ ಬೇಡವಾದ ಕೆಲಸಗಳೆಲ್ಲ ಅವಳ ಪಾಲಿಗೆ ಬರುತ್ತಿದ್ದವು. ಅವಳು ಬೇಸರಪಟ್ಟುಕೊಳ್ಳದೆ ಮಾಡುತ್ತಿದ್ದಳು. ಕೆಲವೊಮ್ಮೆ ಆ ಬೇಡವಾದ ಕೆಲಸವೇ ಅವಳಿಗೆ ಹಿಡಿಸಿಬಿಡುತ್ತಿತ್ತು.

ತರಬೇತಿಯಲ್ಲಿ ಕೊಟ್ಟ ಪುಸ್ತಕದ ತುಂಬ ದೂರದೇಶದ ಮಕ್ಕಳ ಚಿತ್ರಗಳಿದ್ದವು. ಕೊಡ ಹೊತ್ತು ಮರಳಿನಲ್ಲಿ ನಡೆಯುವ ಹುಡುಗಿ, ಇಟ್ಟಿಗೆ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತ ಹುಡುಗ. ಆತಿಯಾ ಅವನ್ನು ತೋರಿಸಿದ ದಿನ ಮಕ್ಕಳೆಲ್ಲ ಒಟ್ಟಿಗೆ "ಪಾಪ" ಎಂದರು. ಆರನೆಯ ತರಗತಿಯ ಚಿನ್ನು ತನ್ನ ಹಳೆಯ ಚಪ್ಪಲಿಯನ್ನು ಅವರಿಗೆ ಕಳಿಸಬಹುದಾ ಎಂದು ಕೇಳಿದ. ಪುಟ ತಿರುವಿದರೆ ಮತ್ತೊಮ್ಮೆ "ಪಾಪ". ಗಂಟೆ ಹೊಡೆದ ಕೂಡಲೇ ಪಾಪ ಎಂದವರೆಲ್ಲ ಕುಣಿಯುತ್ತ ಬಯಲಿಗೆ ಓಡಿಹೋದರು. ಖಾಲಿ ತರಗತಿಯಲ್ಲಿ ಪುಸ್ತಕ ಮುಚ್ಚುವಾಗ ಆತಿಯಾಳಿಗೆ ಏನೋ ಸರಿಹೋಗಲಿಲ್ಲ. ಮಾರನೆಯ ದಿನ ಅವಳು ಪುಸ್ತಕವನ್ನು ಬೀರುವಿನಲ್ಲಿಟ್ಟು ಮಕ್ಕಳನ್ನು ಅಡುಗೆ ಕೋಣೆಗೆ ಕರೆದುಕೊಂಡು ಬಂದಿದ್ದಳು.

ಆಮೇಲೆ ಅದೊಂದು ಆಟವೇ ಆಯಿತು. ತರಗತಿಯ ಹಿಂದಿನ ಗೋಡೆಗೆ ಪ್ರಪಂಚದ ಭೂಪಟ ಅಂಟಿಸಿ, ತಮ್ಮ ಊರಿಗೊಂದು ಗುಂಡುಸೂಜಿ ಚುಚ್ಚಿದರು. ಮೊಜಾಂಬಿಕ್‌ನಿಂದ ಅಲ್ಲಿಗೆ ಒಂದು ಕೆಂಪು ಉಲ್ಲನ್ ದಾರ. ಅಡುಗೆ ಎಣ್ಣೆಗೆ ಮಲೇಷ್ಯಾದಿಂದ ಇನ್ನೊಂದು. ಚಿನ್ನುವಿನ ಅಣ್ಣನ ಮೊಬೈಲಿಗೆ ಚೀನಾದಿಂದ ಮತ್ತೊಂದು. ಪ್ರತಿ ದಾರ ಎಳೆಯುವಾಗಲೂ ಮಂಚಮ್ಮ ಕೇಳಿದ್ದನ್ನೇ ಆತಿಯಾ ಕೇಳುತ್ತಿದ್ದಳು: ಇದನ್ನು ಮಾಡಿದವರು ಯಾರಿರಬಹುದು? ಅವರ ಮನೆ ಹೇಗಿರಬಹುದು? ಅವರ ಮಕ್ಕಳು ಈಗ ಏನು ಮಾಡುತ್ತಿರಬಹುದು?

ಒಂದು ದಿನ ಅರ್ಪಿತ ಕೈ ಎತ್ತಿದಳು. "ಮಿಸ್, ಎಲ್ಲಾ ನಮ್ಮೂರಿಗೇ ಬತ್ತಾ ಅದೆ. ನಮ್ಮೂರಿಂದ ಏನೂ ಓಗಾಕಿಲ್ವಾ?"

"ನೀನೇ ಹೇಳು. ಏನು ಹೋಗುತ್ತೆ?"

"ಬೆಲ್ಲ," ಎಂದಳು ಅರ್ಪಿತ ಹೆಮ್ಮೆಯಿಂದ. "ನಮ್ಮ ಆಲೆಮನೆ ಬೆಲ್ಲ."

ಅರ್ಪಿತಳ ತಾತ ಶಿವಣ್ಣನವರು ಶಾಲಾ ಸಮಿತಿಯ ಅಧ್ಯಕ್ಷರು. ನಾಲೆ ಏರಿಯ ಪಕ್ಕ ಅವರದೊಂದು ಆಲೆಮನೆ ಇತ್ತು. ಬೆಲ್ಲ ಬೇಯುವ ದಿನಗಳಲ್ಲಿ ಅದರ ಸಿಹಿ ಹೊಗೆ ಶಾಲೆಯ ತನಕ ಬರುತ್ತಿತ್ತು. ಮಕ್ಕಳು ನೋಡಲು ಬರುತ್ತಾರೆಂದು ತಿಳಿದು ಅವರಿಗೆ ಖುಷಿಯೇ ಆಯಿತು.

ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಆತಿಯಾ ಆಲೆಮನೆಗೆ ಹೋದಳು. ಶಿವಣ್ಣನವರು ಬಿಳಿ ಪಂಚೆ ಉಟ್ಟು, ಹೆಗಲ ಮೇಲೆ ಟವಲು ಹಾಕಿ ಏರಿಯ ಮೇಲೇ ಕಾಯುತ್ತಿದ್ದರು.

"ಬನ್ನಿ ಮೇಡಮ್ಮೋರೆ. ಬನ್ರಲಾ ಮಕ್ಳೇ. ಈ ನಮ್ ಅರ್ಪಿತ ನೆನ್ನೆಯಿಂದ ಒಂದೇ ಸಮ್ನೆ ತಲೆ ತಿಂತಾವ್ಳೆ."

ಅವರು ಗಾಣ ತೋರಿಸಿದರು, ಕಬ್ಬಿನ ಹಾಲು ಕಾಯುವ ಕೊಪ್ಪರಿಗೆಗಳನ್ನು ತೋರಿಸಿದರು. ಬಿಸಿ ಬೆಲ್ಲವನ್ನು ಕಬ್ಬಿನ ತುಂಡಿನ ತುದಿಗೆ ಸುತ್ತಿ ಒಬ್ಬೊಬ್ಬರ ಕೈಗೂ ಕೊಟ್ಟರು. ಮಕ್ಕಳು ಊದಿ ಊದಿ ನೆಕ್ಕುತ್ತಿದ್ದರೆ ಅವರು ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತರು.

"ಈ ಬೆಲ್ಲ ಗುಜರಾತ್‌ಗೆ ಓಯ್ತದೆ ಕಣ್ರಲಾ. ಅಲ್ಲಿಂದಾಚೆ ಎಲ್ಲೆಲ್ಲಿಗೆ ಓಯ್ತದೋ ಆ ಶಿವನೇ ಬಲ್ಲ."

"ಮಾಡೋರ್ ಯಾರು ತಾತ?" ಎಂದ ಚಿನ್ನು. ಅವನಿಗೆ ಆ ಪ್ರಶ್ನೆ ಈಗ ಬಾಯಿಪಾಠವಾಗಿತ್ತು.

"ಯಾರು ಅಂದ್ರೆ? ನಾವೇ ಕಣ್ಲಾ."

ಚಿನ್ನು ಕೊಪ್ಪರಿಗೆಯ ಪಕ್ಕ ಉದ್ದನೆಯ ಸಟ್ಟುಗ ಹಿಡಿದು ನಿಂತಿದ್ದ ಮನುಷ್ಯನ ಕಡೆ ಬೆರಳು ತೋರಿಸಿದ. "ಅವ್ರು?"

"ಅವ್ರಾ? ಇಂದಿಯೋರು. ಉತ್ತರಪ್ರದೇಸದಿಂದ ಬಂದವ್ರೆ."

ಆತಿಯಾ ಆ ಮನುಷ್ಯನ ಹತ್ತಿರ ಹೋಗಿ ಮಾತಾಡಿಸಿದಳು. ಪಾಂಡವಪುರದ ಅವಳ ಮನೆಯ ಉರ್ದುವಿಗೂ ಅವನ ಹಿಂದಿಗೂ ನಡುವೆ ಬಹಳ ದೂರವಿತ್ತು; ಆದರೂ ಮಾತು ಸಾಗಿತು. ಅವನ ಹೆಸರು ರಾಮ್‌ನಿವಾಸ್, ಊರು ಮುಜಫ್ಫರ್‌ನಗರದ ಕಡೆ. ಹೆಸರು ಹೇಳುವಾಗ ಅವನು ಸಟ್ಟುಗವನ್ನು ಪಕ್ಕಕ್ಕಿಟ್ಟು ಕೈ ಒರೆಸಿಕೊಂಡ. ಮಕ್ಕಳು ಆ ಊರಿನ ಹೆಸರನ್ನು ಹೇಳಲು ಹೋಗಿ ನಾಲಿಗೆ ತೊಡರಿಸಿಕೊಂಡರು. ಅವನೂ ನಕ್ಕ.

ಆಗಲೇ ಒಣಗಿದ ಕಬ್ಬಿನ ಸಿಪ್ಪೆಯ ದೊಡ್ಡ ಹೊರೆಯೊಂದು ಕೊಟ್ಟಿಗೆಯ ಹಿಂದಿನಿಂದ ಬಂತು. ಹತ್ತಿರ ಬಂದ ಮೇಲಷ್ಟೇ ಅದರ ಕೆಳಗೆ ಒಂದು ಹುಡುಗಿಯ ಮುಖ ಕಾಣಿಸಿತು. ಅವಳು ಒಲೆಯ ಬಾಯಿಯ ಬಳಿ ಹೊರೆಯನ್ನು ದೊಪ್ಪೆಂದು ಹಾಕಿ, ಅಲ್ಲೇ ಮಣ್ಣಿನಲ್ಲಿ ಕೂತಿದ್ದ ಪುಟ್ಟ ತಮ್ಮನನ್ನು ಎತ್ತಿ ಸೊಂಟಕ್ಕೇರಿಸಿಕೊಂಡಳು. ಶಾಲೆಯ ಮಕ್ಕಳನ್ನು ಕಂಡು ನಿಂತುಬಿಟ್ಟಳು. ಅರ್ಪಿತ ಅವಳನ್ನು ದೀಪಾವಳಿಯಿಂದಲೂ ನೋಡುತ್ತಿದ್ದಳು. ಮನೆಯಲ್ಲಿ ಅವಳಿಗೆ ಇಂದಿಯೋರ ಉಡ್ಗಿ ಎನ್ನುತ್ತಿದ್ದರು.

"ನೀನ್ ಎಷ್ಟ್ನೇ ಕ್ಲಾಸು?" ಎಂದು ಚಿನ್ನು ಕೇಳಿದ.

ಅವಳಿಗೆ ಅರ್ಥವಾಗಲಿಲ್ಲ. ಆತಿಯಾ ಹಿಂದಿಯಲ್ಲಿ ಕೇಳಿದಳು. ಹುಡುಗಿ ಅಪ್ಪನ ಕಡೆ ನೋಡಿ, ತಮ್ಮನ ಮೂಗು ಒರೆಸಿ, ತಗ್ಗಿದ ದನಿಯಲ್ಲಿ ಏನೋ ಹೇಳಿದಳು.

"ಅವಳ ಹೆಸರು ಕಾಜಲ್," ಎಂದಳು ಆತಿಯಾ. "ಮೂರನೇ ಕ್ಲಾಸಿನಲ್ಲಿದ್ದಳಂತೆ, ಊರಲ್ಲಿದ್ದಾಗ. ಅಮ್ಮ ತೀರಿಕೊಂಡ ಮೇಲೆ ಹೋಗಿಲ್ಲವಂತೆ. ಅವಳೂ ನಿಮ್ಮಷ್ಟೇ ದೊಡ್ಡವಳು."

ಮಕ್ಕಳು ಬೆಲ್ಲ ನೆಕ್ಕುವುದನ್ನು ನಿಲ್ಲಿಸಿದರು. "ಪಾಪ," ಎಂದ ಚಿನ್ನು.

ಅವನು ಪುಸ್ತಕದ ಚಿತ್ರಕ್ಕೆ ಹೇಳಿದ ಹಾಗೆಯೇ ಹೇಳಿದ್ದ. ಆದರೆ ಅರ್ಪಿತಳ ಮುಖ ಕೆಂಪಾಯಿತು. ಅವಳು ತನ್ನ ಕೈಯಲ್ಲಿದ್ದ ಬೆಲ್ಲದ ಕಡ್ಡಿಯನ್ನು ಏನು ಮಾಡಬೇಕೋ ತಿಳಿಯದೆ ಹಾಗೆಯೇ ಹಿಡಿದುಕೊಂಡು ತಾತನ ಕಡೆ ನೋಡಿದಳು. ಶಿವಣ್ಣನವರು ಆಚೆ ತಿರುಗಿ, ಕಬ್ಬು ತುಂಬಿ ಬಂದ ಟ್ರಾಕ್ಟರಿನವನಿಗೆ ಹಿಂದಕ್ಕೆ ಬಿಡು ಎಂದು ಕೂಗುತ್ತಿದ್ದರು.

ಸೋಮವಾರ ಬೆಳಿಗ್ಗೆ ಆತಿಯಾ ಬಸ್ಸಿಳಿದು ಬರುವಾಗಲೇ ಶಿವಣ್ಣನವರ ಮೊಪೆಡ್ ಶಾಲೆಯ ಮುಂದೆ ನಿಂತಿತ್ತು. ಹೆಡ್‌ಮಾಸ್ಟರ್ ಕೋಣೆಯಲ್ಲಿ ಅವರಿಗೆ ಕಾಫಿ ಕೊಟ್ಟಿದ್ದರು. ಅವರು ಅದನ್ನು ಮುಟ್ಟಿರಲಿಲ್ಲ.

"ಜಗಳುಕ್ಕೆ ಬಂದಿಲ್ಲ ಮೇಡಮ್ಮೋರೆ," ಎಂದರು. "ಪರ್ಪಂಚದ ಪಾಠ ಮಾಡಿ ಅಂದ್ರೆ ನೀವು ನನ್ ಆಲೆಮನೆ ಪಾಠ ಮಾಡ್ತಾ ಇದ್ದೀರಲ್ಲಾ, ಇದ್ ಸರೀನಾ ಅಂತ ಕೇಳಕ್ ಬಂದೆ."

"ಮಕ್ಕಳೇ ಕೇಳಿದ್ದು ಶಿವಣ್ಣೋರೆ," ಎಂದಳು ಆತಿಯಾ. ಹೇಳಬೇಕಾದದ್ದು ಅದಲ್ಲ ಎಂದು ಅವಳಿಗೂ ಗೊತ್ತಿತ್ತು.

"ಮಕ್ಳು ಕೇಳ್ತವೆ. ನನ್ ಮೊಮ್ಮಗ್ಳು ಶನ್ವಾರದಿಂದ ನನ್ತಾವ ಮಾತಾಡ್ತಾ ಇಲ್ಲ. ಉಣ್ಣಕ್ ಕೂತ್ರೆ ಪಕ್ಕಕ್ಕೇ ಬರಾಕಿಲ್ಲ. ಆ ಉಡ್ಗೀನ ನಾನೇನ್ ಕರ್ಸಿದ್ನಾ? ಅಪ್ಪನ ಜೊತೇಲಿ ಬಂದದೆ. ಊರಲ್ ಬುಟ್ಟು ಬರಾಕೆ ತಾಯಿಲ್ಲ. ಅಪ್ಪ ಗೇಯುವಾಗ ಅದೂ ಒಂದ್ ಕೈ ಆಕ್ತದೆ. ನಾನೂ ಅಂಗೇ ಬೆಳ್ದೋನು. ಚಿಕ್ಕುಡ್ಗ ಇದ್ದಾಗ್ಲೇ ನಮ್ಮಪ್ಪ ನನ್ನ ಒಲೆ ಮುಂದೆ ಕೂರುಸ್ದ. ಆಗ ಯಾರೂ ಪಾಪ ಅನ್ಲಿಲ್ಲ."

ಅವರ ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಾಗಿತ್ತು. ಶಾಲೆಯ ಆಟದ ಬಯಲು ಅವರು ಬಿಟ್ಟುಕೊಟ್ಟ ಜಾಗ. ಅಡುಗೆ ಕೋಣೆಯ ಸೂರು ಹಾರಿಹೋದಾಗ ಮುಂದೆ ನಿಂತು ಹೊದಿಸಿದವರೂ ಅವರೇ.

"ಅವಳನ್ನ ಇಲ್ಲಿಗೆ ಕಳಿಸಬಹುದಲ್ಲ," ಎಂದಳು ಆತಿಯಾ ಮೆಲ್ಲಗೆ.

"ಕಳ್ಸಿ ಏನ್ ಮಾಡದು? ಕನ್ನಡ ಬರಾಕಿಲ್ಲ. ಉಗಾದಿ ಕಳುದ್ರೆ ಒಂಟೋಯ್ತರೆ. ಸಿಪ್ಪೆ ಒರಾಕೆ ಈ ಕಾಲ್ದಲ್ಲಿ ಆಳು ಎಲ್ಲಿ ಸಿಕ್ತದೆ?" ಅವರು ಎದ್ದು ಟವಲು ಕೊಡವಿದರು. ಬಾಗಿಲ ಬಳಿ ನಿಂತು, ಈ ಸಲ ಬಹಳ ಮೃದುವಾಗಿ ಹೇಳಿದರು. "ನೀವು ಚೆನ್ನಾಗಿ ಪಾಠ ಮಾಡ್ತೀರಿ ಅಂತ ಮಕ್ಳು ಯೋಳ್ತವೆ. ಮುಂದಿನ್ ವರ್ಸಾನೂ ನೀವೇ ಬರ್ಲಿ ಅಂತ ನನ್ ಆಸೆ."

ಮೊಪೆಡ್ಡಿನ ಸದ್ದು ದೂರವಾದ ಮೇಲೆ ಚಲುವರಾಜು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಮುಂದಿನ ವಾರ ಇಲಾಖೆ ಆಫೀಸಿನವರು ನಿಮ್ಮ ಗೋಡೆ ನೋಡೋದಕ್ಕೆ ಬರ್ತಾರೆ. ಮೊಜಾಂಬಿಕ್ಕು, ಮಲೇಷ್ಯಾ ಎಲ್ಲ ಚೆನ್ನಾಗಿದೆ. ಆ ಬೆಲ್ಲದ್ದೊಂದು ದಾರ ತೆಗೆದುಬಿಡಿ. ಅಷ್ಟೇ ತಾನೇ?"

ಬೆಲ್ಲ ಮಾಡುವವರು ಬಂದ ದಾರಿಯೆಂದು ಮಕ್ಕಳು ಶನಿವಾರ ಆಲೆಮನೆಯಿಂದ ಮರಳಿದ ಕೂಡಲೇ ಮುಜಫ್ಫರ್‌ನಗರದಿಂದ ತಮ್ಮ ಊರಿಗೊಂದು ದಾರ ಎಳೆದಿದ್ದರು. ಭೂಪಟದ ಮೇಲೆ ಅದು ಗೇಣುದ್ದವೂ ಇರಲಿಲ್ಲ. ಊಟದ ಬಿಡುವಿನಲ್ಲಿ ತರಗತಿ ಖಾಲಿಯಿದ್ದಾಗ ಆತಿಯಾ ಗುಂಡುಸೂಜಿ ಕಿತ್ತು, ದಾರವನ್ನು ಬೆರಳಿಗೆ ಸುತ್ತಿ ಬ್ಯಾಗಿನಲ್ಲಿ ಹಾಕಿಕೊಂಡಳು. ಸಂಜೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ತಾನು ಮಾಡಿದ್ದು ತಪ್ಪಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಕಾಜಲ್ ಹೇಗೂ ಹೊರಟುಹೋಗುವವಳು. ತನ್ನ ಅಪ್ಪನಿಗೆ ಮೊದಲಿನಂತೆ ಮೂಟೆ ಎತ್ತಲಾಗುತ್ತಿಲ್ಲ. ಈ ಕೆಲಸ ಸಿಗುವುದಕ್ಕೆ ಮುಂಚೆ ಎಷ್ಟು ಶಾಲೆಗಳ ಬಾಗಿಲಿಗೆ ಹೋಗಿ ಬಂದಿದ್ದಳೆಂದು ಅವಳಿಗೇ ಗೊತ್ತು. ಹೀಗೆ ಹೇಳಿಕೊಳ್ಳುತ್ತಿರುವಾಗ ಕಬ್ಬಿನ ಟ್ರಾಕ್ಟರೊಂದು ಎದುರು ಬಂತು. ಡ್ರೈವರ್ ಬಸ್ಸನ್ನು ಬದಿಗೆ ನಿಲ್ಲಿಸಿದ. ಟ್ರಾಕ್ಟರು ದಾಟಿಹೋಗುವ ತನಕ ಅವಳು ಕಣ್ಣು ಮುಚ್ಚಿಕೊಂಡಿದ್ದಳು.

ಮಾರನೆಯ ದಿನ ಪಾಠ ಮುಗಿದ ಮೇಲೆ ಅರ್ಪಿತ ಎದ್ದುಹೋಗಲಿಲ್ಲ. ಗೋಡೆಯ ಮುಂದೆ ನಿಂತು ಬೆರಳಿನಿಂದ ಒಂದು ಸಣ್ಣ ತೂತನ್ನು ಮುಟ್ಟಿದಳು.

"ಮಿಸ್, ದಾರ ಬಿದ್ದೋಯ್ತಾ?"

"ಇಲ್ಲ. ನಾನೇ ತೆಗೆದೆ."

"ತಾತ ಬೈದ್ರಾ?"

"ಬೈಲಿಲ್ಲ."

ಅರ್ಪಿತ ತಿರುಗಿ, ಕುತೂಹಲಕ್ಕೆಂಬಂತೆ ಕೇಳಿದಳು. "ಮೊಜಾಂಬಿಕ್‌ನೋರ ಇಸ್ಯ ಮಾತಾಡ್ಬೋದು, ನಮ್ಮೋರ್ ಇಸ್ಯ ಮಾತಾಡ್ಬಾರ್ದಾ ಮಿಸ್?"

ಆತಿಯಾ ಡಸ್ಟರ್ ಎತ್ತಿಕೊಂಡು, ಆಗಲೇ ಅಳಿಸಿದ್ದ ಬೋರ್ಡನ್ನು ಇನ್ನೊಮ್ಮೆ ಒರೆಸಿದಳು. ತಿರುಗಿ ನೋಡುವ ಹೊತ್ತಿಗೆ ಹುಡುಗಿ ಹೊರಟುಹೋಗಿದ್ದಳು.

ಆ ವಾರವೆಲ್ಲ ಆತಿಯಾ ಆ ಮಾತನ್ನು ಹೊತ್ತುಕೊಂಡೇ ಓಡಾಡಿದಳು. ಶನಿವಾರ ಶಾಲೆ ಬಿಟ್ಟ ಮೇಲೆ ಬಸ್ ಸ್ಟಾಪಿಗೆ ಹೋಗದೆ ನಾಲೆ ಏರಿ ಹಿಡಿದು ಒಬ್ಬಳೇ ಆಲೆಮನೆಗೆ ನಡೆದಳು. ಏನು ಮಾತಾಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದು ಅಲ್ಲಿಗೆ ತಲುಪುವಾಗ ಮರೆತುಹೋಗಿತ್ತು. ಶಿವಣ್ಣನವರು ಬೇವಿನ ಮರದ ಕೆಳಗೆ ಮಂಚದ ಮೇಲೆ ಕೂತಿದ್ದರು. ಅವಳು ನಮಸ್ಕಾರ ಮಾಡಿ, "ರಾಮ್‌ನಿವಾಸ್ ಹತ್ತಿರ ಮಾತಾಡಬೇಕಿತ್ತು ಶಿವಣ್ಣೋರೆ. ನಿಮ್ಮ ಎದುರಿಗೇ ಮಾತಾಡ್ತೀನಿ," ಎಂದಳು. ಅವರು ಕೊಪ್ಪರಿಗೆಯನ್ನು ಇನ್ನೊಬ್ಬನಿಗೆ ವಹಿಸಿ ಬರುವಂತೆ ರಾಮ್‌ನಿವಾಸ್‌ಗೆ ಕೈಸನ್ನೆ ಮಾಡಿದರು.

ರಾಮ್‌ನಿವಾಸ್ ಬಂದು ನೆಲದ ಮೇಲೆ ಕೂತ. ಮಗಳನ್ನು ಶಾಲೆಗೆ ಕಳಿಸು ಎಂದು ಆತಿಯಾ ಹೇಳಿದಾಗ ಅವನು ಬಹಳ ಹೊತ್ತು ತನ್ನ ಅಂಗೈ ನೋಡಿಕೊಂಡ.

"ಕಳಿಸಬಾರದು ಅಂತಿಲ್ಲ ಮೇಡಂಜಿ," ಎಂದ ತನ್ನ ಭಾಷೆಯಲ್ಲಿ. "ಚಿಕ್ಕವನನ್ನು ಯಾರು ನೋಡಿಕೊಳ್ಳುತ್ತಾರೆ? ಇಲ್ಲಿ ಸುತ್ತಲೂ ಬೆಂಕಿ, ಕುದಿಯೋ ಹಾಲು. ಅವಳು ಕಣ್ಣಿಟ್ಟಿದ್ದಾಳೆ ಅಂತ ನಾನು ಕೊಪ್ಪರಿಗೆ ಮುಂದೆ ನಿಲ್ಲುತ್ತೇನೆ."

"ಅವನೂ ಜೊತೆಗೆ ಬರಲಿ."

"ಶಾಲೆಗಾ?" ಎಂದು ಅವನು ನಂಬದವನಂತೆ ನಕ್ಕ.

ಕಾಜಲ್ ಕೊಟ್ಟಿಗೆಯ ಕಂಬಕ್ಕೆ ಒರಗಿ ಕೇಳಿಸಿಕೊಳ್ಳುತ್ತಿದ್ದಳು. ಆತಿಯಾ ಅವಳನ್ನೇ ಕೇಳಿದಳು: ನಿನಗೆ ಬರಬೇಕು ಅನ್ನಿಸುತ್ತಾ? ಹುಡುಗಿ ಕಾಲಿನ ಹೆಬ್ಬೆರಳಿನಿಂದ ಮಣ್ಣು ಕೆದಕಿದಳು.

"ಅಲ್ಲಿ ಹೇಳೋದು ನನಗೇನೂ ಅರ್ಥ ಆಗದೇ ಇದ್ದರೆ? ಎಲ್ಲರೂ ನಗುತ್ತಾರೆ."

"ನಾನು ಶಾಲೆಗೆ ಸೇರಿದ ದಿನ ನನಗೂ ಕನ್ನಡ ಬರುತ್ತಿರಲಿಲ್ಲ," ಎಂದಳು ಆತಿಯಾ. "ಎಲ್ಲರೂ ನಕ್ಕರು. ನಾನು ಅತ್ತುಬಿಟ್ಟೆ. ಆಮೇಲೆ ಅವರ ಜೊತೆಯಲ್ಲೇ ಆಡೋದಕ್ಕೆ ಹೋದೆ."

ಕಾಜಲ್ ತಲೆ ಎತ್ತಿ ಅವಳ ಮುಖವನ್ನೇ ನೋಡಿದಳು. ಒಲೆಯ ಕಡೆಯಿಂದ ಸಿಪ್ಪೆ ತರುವಂತೆ ಯಾರೋ ಕೂಗಿದರು. ಅವಳು ಓಡಿಹೋದಳು.

"ಏನಂದ್ರಿ? ಅವನೇನಂದ?" ಎಂದರು ಶಿವಣ್ಣನವರು. ಆತಿಯಾ ಆಡಿದ ಮಾತನ್ನೆಲ್ಲ ಒಂದೂ ಬಿಡದೆ ಕನ್ನಡದಲ್ಲಿ ಹೇಳಿದಳು. ಅವರು ಕೇಳಿಸಿಕೊಂಡು ನಾಲೆಯ ಕಡೆ ನೋಡುತ್ತ ಕೂತರು. "ನೀವು ಒಂದ್ ಯೋಳುದ್ರೆ ಕೇಳೋರಲ್ಲ," ಎಂದರು ಕೊನೆಗೆ.

"ಮುಂದಿನ ವರ್ಷದ್ದು ನಿಮ್ಮ ಇಷ್ಟ ಶಿವಣ್ಣೋರೆ," ಎಂದಳು ಆತಿಯಾ. "ಈ ವರ್ಷ ಇನ್ನೂ ಮುಗಿದಿಲ್ಲವಲ್ಲ."

ಅವರು ಥಟ್ಟನೆ ಎದ್ದುನಿಂತರು. ಸಿಪ್ಪೆ ಒಣಗಿಸುವ ಕಣದ ಕಡೆಯಿಂದ ಎರಡು ಹೊರೆಗಳು ಒಂದರ ಹಿಂದೊಂದು ಬರುತ್ತಿದ್ದವು. ಮುಂದಿನದು ಸಣ್ಣದು, ಒಂದು ಕಡೆಗೆ ಜಾರಿ ದಾರಿಯುದ್ದಕ್ಕೂ ಸಿಪ್ಪೆ ಉದುರಿಸುತ್ತಿತ್ತು. ಅದರ ಕೆಳಗೆ ಶಾಲೆಯ ನೀಲಿ ಸಮವಸ್ತ್ರ ಕಾಣಿಸಿತು.

"ಅರ್ಪಿತಾ!"

ಹೊರೆ ನಿಂತಿತು.

"ಏನ್ಲೇ ಇದು? ನಿಂಗೇನ್ ಬಂದಿರೋದು? ಇಳ್ಸು ಅದ! ಇಳ್ಸು ಕೆಳುಕ್ಕೆ!"

"ಇಬ್ರೂ ಸೇರಿ ಒತ್ರೆ ಬೇಗ ಮುಗೀತದೆ ತಾತ," ಎಂದಳು ಅರ್ಪಿತ ಹೊರೆಯ ಕೆಳಗಿನಿಂದಲೇ. "ಬೆಳಗ್ಗೇನೇ ಮುಗುಸ್ಬುಟ್ರೆ ಅವ್ಳು ಸ್ಕೂಲಿಗ್ ಬರ್ಬೋದು."

"ಇಳ್ಸು ಅಂದ್ನಲ್ಲಾ!"

ಅರ್ಪಿತ ಹೊರೆಯನ್ನು ಕೆಳಕ್ಕೆ ಹಾಕಿದಳು. ಅವಳ ಕುತ್ತಿಗೆಯೆಲ್ಲ ಕೆಂಪಗೆ ಗೀರಿಹೋಗಿತ್ತು. ಕೂದಲ ತುಂಬ ಸಿಪ್ಪೆಯ ಪುಡಿ.

ಅವಳ ಹಿಂದಿದ್ದ ಕಾಜಲ್‌ಗೆ ಕನ್ನಡ ತಿಳಿಯದು. ಯಜಮಾನರು ಕೂಗಿದ್ದು ತನಗೋ ಅವಳಿಗೋ ಗೊತ್ತಾಗಲಿಲ್ಲ. ಅರ್ಪಿತ ಇಳಿಸಿದ್ದನ್ನು ಕಂಡು ಅವಳೂ ತನ್ನ ಹೊರೆಯನ್ನು ಇಳಿಸಿ, ಬೈಸಿಕೊಳ್ಳಲು ಸಿದ್ಧಳಾದವಳಂತೆ ತಲೆ ತಗ್ಗಿಸಿ ನಿಂತಳು.

ಶಿವಣ್ಣನವರು ಒಬ್ಬಳನ್ನು ನೋಡಿದರು, ಇನ್ನೊಬ್ಬಳನ್ನು ನೋಡಿದರು. ಕಾಜಲ್‌ಳ ಕುತ್ತಿಗೆಯ ಮೇಲೂ ಗೀರುಗಳಿದ್ದವು. ಕೆಂಪಗಲ್ಲ, ಒಣಗಿ ಕಪ್ಪಾಗಿ.

"ತಾತ," ಎಂದಳು ಅರ್ಪಿತ, "ಅವ್ಳಿಗೂ ಇಳ್ಸು ಅಂದ್ರಾ?"

ಅವರು ಹೆಗಲ ಮೇಲಿನ ಟವಲು ತೆಗೆದು ಮುಖ ಒರೆಸಿಕೊಂಡರು. "ಊಂ," ಎಂದರು ಆಮೇಲೆ, ಯಾರಿಗೂ ಅಲ್ಲವೆಂಬಂತೆ. "ಅವ್ಳಿಗೂವೆ." ಆತಿಯಾಳ ಕಡೆ ತಿರುಗಿದರು. "ಅವ್ರ ಬಾಸೇಲಿ ಯೋಳಿ ಮೇಡಮ್ಮೋರೆ. ನನ್ಗೆ ಬರಾಕಿಲ್ಲ."

ಆತಿಯಾ ಹೇಳಿದಳು. ಒಲೆಯ ಕಡೆಯಿಂದ ಮತ್ತೆ ಸಿಪ್ಪೆಗೆ ಕೂಗು ಬಂತು. ಹುಡುಗಿಯರಿಬ್ಬರೂ ಕದಲಲಿಲ್ಲ. ಶಿವಣ್ಣನವರು ಸುತ್ತ ಒಮ್ಮೆ ನೋಡಿ, ಟವಲನ್ನು ಸಿಂಬಿ ಸುತ್ತಿ ತಲೆಯ ಮೇಲಿಟ್ಟುಕೊಂಡು ಬಗ್ಗಿದರು. ರಾಮ್‌ನಿವಾಸ್ ಗಾಬರಿಯಿಂದ ಓಡಿಬಂದು ತಾನು ಹೊರುತ್ತೇನೆಂದು ಕೈ ಚಾಚಿದ. ಅವರು ಒರಟಾಗಿ, "ಎತ್ಲಾ ಸುಮ್ನೆ," ಎಂದರು. ಆ ಮಾತು ಅವನಿಗೆ ಹೇಗೋ ಅರ್ಥವಾಯಿತು. ಹೊರೆಯನ್ನು ಎತ್ತಿ ಅವರ ತಲೆಯ ಮೇಲಿಟ್ಟ.

ಕಾಜಲ್ ಸೋಮವಾರ ಬರಲಿಲ್ಲ, ಮಂಗಳವಾರವೂ ಬರಲಿಲ್ಲ. ಆತಿಯಾ ಯಾರನ್ನೂ ಕೇಳಲಿಲ್ಲ. ಬುಧವಾರ ಪ್ರಾರ್ಥನೆ ನಡೆಯುತ್ತಿರುವಾಗ ಗೇಟಿನ ಮುಂದೆ ಮೊಪೆಡ್ಡು ನಿಂತಿತು. ಹಿಂದಿನ ಸೀಟಿನಿಂದ ಅರ್ಪಿತ ಇಳಿದಳು, ಅವಳ ಹಿಂದಿನಿಂದ ಕಾಜಲ್, ಮುಂದಿನ ಚೀಲ ಇಡುವ ಜಾಗದಿಂದ ಪುಟ್ಟ ತಮ್ಮ. ಶಿವಣ್ಣನವರು ಒಳಗೆ ಬರದೆ ಮೊಪೆಡ್ಡು ತಿರುಗಿಸಿಕೊಂಡು ಹೋದರು. ಆತಿಯಾಳ ಕಡೆ ಅವರು ನೋಡಲಿಲ್ಲ. ಆಮೇಲೂ ಬಹಳ ದಿನ ಅವರು ಅವಳ ಜೊತೆ ಮಾತಾಡಲಿಲ್ಲ. ಜೂನಿನಲ್ಲಿ ಏನಾಗುತ್ತದೆಂದು ಅವಳಿಗೆ ತಿಳಿಯಲಿಲ್ಲ. ಕಬ್ಬು ಹೆಚ್ಚು ಬಂದ ದಿನಗಳಲ್ಲಿ ಕಾಜಲ್ ಕಾಣಿಸುತ್ತಲೂ ಇರಲಿಲ್ಲ. ಅಂಥ ದಿನ ಅರ್ಪಿತ ಊಟದ ಹೊತ್ತಿನಲ್ಲಿ ಗೇಟಿನ ಕಡೆ ನೋಡುತ್ತ ಕೂತಿರುತ್ತಿದ್ದಳು. ಆಫೀಸಿನವರು ಬಂದು ಗೋಡೆ ನೋಡಿ, ಫೋಟೊ ತೆಗೆದುಕೊಂಡು ಹೋದರು. ಬೆಲ್ಲದ ದಾರ ಅವತ್ತು ಗೋಡೆಯ ಮೇಲಿತ್ತು. ಆತಿಯಾ ಅದನ್ನು ಮತ್ತೆ ಕಟ್ಟುವಾಗ ಚಲುವರಾಜು ಕಂಡೂ ಕಾಣದಂತೆ ಹೊರಗೆ ಹೋಗಿದ್ದರು.

ಮೊದಲ ದಿನ ಪುಟ್ಟ ಹುಡುಗ ತರಗತಿಯಲ್ಲಿ ಒಂದೇ ಸಮನೆ ಅತ್ತ. ಅಕ್ಕ ಎತ್ತಿಕೊಂಡರೂ ಅತ್ತ, ಇಳಿಸಿದರೂ ಅತ್ತ. ಅಡುಗೆ ಕೋಣೆಯಿಂದ ಮಂಚಮ್ಮ ಸೆರಗಿಗೆ ಕೈ ಒರೆಸುತ್ತ ಬಂದು ಬಾಗಿಲಲ್ಲಿ ನಿಂತಳು.

"ಇದೇನ್ ಇಸ್ಕೂಲಾ, ಬಾಲವಾಡೀನಾ?" ಎಂದು ಗೊಣಗಿದಳು. "ಕೊಡವ್ವ ಇತ್ಲಾಗೆ. ಅಸ್ದದೆ ಕೂಸು." ಕಾಜಲ್‌ಗೆ ಮಾತು ತಿಳಿಯಲಿಲ್ಲ, ಚಾಚಿದ ಕೈಗಳು ತಿಳಿದವು. ಅನುಮಾನಿಸುತ್ತಲೇ ಕೊಟ್ಟಳು. ಮಂಚಮ್ಮ ಮಗುವನ್ನು ಎತ್ತಿಕೊಂಡು ಹೋದಳು. ಸ್ವಲ್ಪ ಹೊತ್ತಿನಲ್ಲಿ ಅಳು ನಿಂತು ಪಾತ್ರೆ ಬಡಿಯುವ ಸದ್ದು ಬರತೊಡಗಿತು.

ಬಿಡುವಿನ ಗಂಟೆ ಹೊಡೆದಾಗ ಮಕ್ಕಳೆಲ್ಲ ಬಯಲಿಗೆ ಓಡಿದರು. ಜೂಟಾಟ ಶುರುವಾಯಿತು. ಕಾಜಲ್ ಜಗಲಿಯ ಅಂಚಿನಲ್ಲಿ ನಿಂತು ನೋಡುತ್ತಿದ್ದಳು. ಕೈಗಳು ಖಾಲಿಯಿದ್ದವು. ಆದರೂ ಅವಳ ಸೊಂಟ ಒಂದು ಕಡೆಗೆ ಓರೆಯಾಗಿಯೇ ಇತ್ತು, ಅಲ್ಲಿನ್ನೂ ಮಗು ಕೂತಿದೆಯೋ ಎಂಬಂತೆ. ಚಿನ್ನು ಓಡಿಬಂದು ಅವಳ ತೋಳು ಮುಟ್ಟಿ, "ಜೂಟ್!" ಎಂದು ಕೂಗಿ ತಪ್ಪಿಸಿಕೊಂಡ. ಅವಳು ಒಂದು ಕ್ಷಣ ಸುಮ್ಮನೆ ನಿಂತಳು. ಆಮೇಲೆ ಜಗಲಿಯಿಂದ ಹಾರಿ ಅವನ ಹಿಂದೆ ಓಡಿದಳು. ಮೊದಮೊದಲು ಅವಳ ಓಟ ಒಂದು ಬದಿಗೆ ವಾಲಿದ ಹಾಗಿತ್ತು. ಬಯಲಿನ ನಡುವಿಗೆ ಬರುವಷ್ಟರಲ್ಲಿ ನೆಟ್ಟಗಾಯಿತು.